ತುಮಕೂರಿನ ನಮ್ಮ ಅಕಾರ್ಡಿಯನ್ ಬಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಅಭ್ಯಾಸ ಮುಗಿದು ಪೆಟ್ಟಿಗೆ ಮುಚ್ಚೋ ಹೊತ್ತಿಗೆ ಬಾಗಿಲ ಹತ್ತಿರ ಯಾರಾದರೂ ನಿಂತಿರುತ್ತಾರೆ. "ಸಾರ್, ಒಂದು ಮಾತು ಕೇಳಬಹುದಾ?" ಆ ಒಂದು ಮಾತು ಮುಕ್ಕಾಲು ಗಂಟೆ ಆಗುತ್ತೆ. ಫೋನಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಒಮ್ಮೆ ಮಧುಗಿರಿ ಕಡೆಯಿಂದ ಬಂದ ಪೋಸ್ಟ್ ಕಾರ್ಡಿನಲ್ಲೂ ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಹೊಸಬರು ಮೇಲಿನಿಂದ ಓದಿ. ಬಳಗದವರು ನೇರ ಕೊನೆಯ ಭಾಗಕ್ಕೆ ಹೋಗಿ, ಮೊದಲಿನದೆಲ್ಲ ನಿಮಗೆ ಬಾಯಿಪಾಠ ಆಗಿದೆ.

## ಬಾಗಿಲಲ್ಲಿ ನಿಂತು ಕೇಳೋದು

ಅಕಾರ್ಡಿಯನ್ ಅಂದ್ರೆ ಕೊರಳಿಗೆ ನೇತುಹಾಕ್ಕೊಳ್ಳೋ ಹಾರ್ಮೋನಿಯಂ ತಾನೇ?

ಅರ್ಧ ಸರಿ. ಎರಡರ ಹೊಟ್ಟೆಯಲ್ಲೂ ಇರೋದು ಒಂದೇ ತರಹದ ರೀಡ್. ಲೋಹದ ಪಟ್ಟಿಯಲ್ಲಿ ಸೀಳಿದ ಕಿಂಡಿ, ಅದರ ಮೇಲೆ ಒಂದು ತುದಿ ಬಿಗಿದು ಇನ್ನೊಂದು ತುದಿ ಬಿಟ್ಟ ತೆಳು ನಾಲಿಗೆ. ಗಾಳಿ ನುಗ್ಗಿದರೆ ನಾಲಿಗೆ ಕಿಂಡಿಯೊಳಗೆ ಹೋಗಿ ಬಂದು ಅದುರುತ್ತೆ, ಸ್ವರ ಹುಟ್ಟುತ್ತೆ. ಜಾತ್ರೆಯಲ್ಲಿ ಮಕ್ಕಳು ಕೊಳ್ಳೋ ಮೌತ್ ಆರ್ಗನ್ನಿನಲ್ಲೂ ಇದೇ. ಚೀನಾದ ಷೆಂಗ್ ಅನ್ನೋ ಬಾಯಿವಾದ್ಯ ಇವೆಲ್ಲಕ್ಕಿಂತ ಹಳೆಯದು.

ವ್ಯತ್ಯಾಸ ಇರೋದು ಗಾಳಿಯಲ್ಲಿ. ಹಾರ್ಮೋನಿಯಂನಲ್ಲಿ ಹಿಂದಿನ ತಿದಿ ಒತ್ತಿದಾಗ ಗಾಳಿ ಮೊದಲು ಒಳಗಿನ ಇನ್ನೊಂದು ತಿದಿಗೆ ಹೋಗಿ ತುಂಬಿಕೊಳ್ಳುತ್ತೆ. ಅಲ್ಲಿರೋ ಸ್ಪ್ರಿಂಗು ಅದನ್ನು ಒಂದೇ ಸಮ ಹೊರಕ್ಕೆ ತಳ್ಳುತ್ತೆ. ಅಂದರೆ ಗಾಳಿ ಮೊದಲು ಟ್ಯಾಂಕಿಗೆ, ಆಮೇಲೆ ನಲ್ಲಿಗೆ. ಅಕಾರ್ಡಿಯನ್ನಿನಲ್ಲಿ ಟ್ಯಾಂಕಿಲ್ಲ. ನಿಮ್ಮ ಎಡತೋಳು ಎಷ್ಟು ಎಳೆಯಿತೋ ಅಷ್ಟೇ ಸ್ವರ, ಅದೇ ಕ್ಷಣಕ್ಕೆ. ತೋಳು ನಡುಗಿದರೆ ಸ್ವರವೂ ನಡುಗುತ್ತೆ. ಇನ್ನೊಂದು, ಇಲ್ಲಿ ತಿದಿ ಎಳೆದಾಗಲೂ ಸ್ವರ ಬರುತ್ತೆ, ಒತ್ತಿದಾಗಲೂ ಬರುತ್ತೆ. ಅದಕ್ಕೇ ಒಂದೊಂದು ಸ್ವರಕ್ಕೆ ಎರಡೆರಡು ರೀಡ್, ಎಳೆತಕ್ಕೊಂದು, ಒತ್ತಿಗೊಂದು.

ಕ್ಲಬ್ಬು ಅಂತೀರಲ್ಲ, ಅಲ್ಲಿ ಬೇರೆ ಏನೇನು ನಡೆಯುತ್ತೆ?

ಈ ಪ್ರಶ್ನೆ ಕೇಳಿದ್ದು ಸದಸ್ಯರೊಬ್ಬರ ಮನೆಯವರು. ಅವರ ಅನುಮಾನ ಇಸ್ಪೀಟಿನ ಬಗ್ಗೆ. ನಮ್ಮ ಕಡೆ ಕ್ಲಬ್ಬು ಅಂದರೆ ಬೇರೆ ಅರ್ಥ ಬರೋದರಿಂದಲೇ ಬಳಗ ಅಂತ ಕರೆದುಕೊಳ್ಳೋದು. ನಡೆಯೋದು ಇಷ್ಟು: ಭಾನುವಾರ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಅಭ್ಯಾಸ, ತಿಂಗಳಿಗೊಂದು ಸಲ ಒಬ್ಬರ ಮನೆಯಲ್ಲಿ ಬೈಠಕ್, ವರ್ಷಕ್ಕೆ ಮೂರೋ ನಾಲ್ಕೋ ಕಛೇರಿ. ಅಕಾರ್ಡಿಯನ್ನಿನವರು ಹನ್ನೊಂದು ಜನ, ಹಾರ್ಮೋನಿಯಂನವರು ಆರು, ತಬಲಾ ಒಂದು, ಢೋಲಕ್ ಒಂದು. ಪೌರಾಣಿಕ ನಾಟಕ ಕಲಿಸೋ ಮೇಷ್ಟ್ರು, ಚರ್ಚಿನಲ್ಲಿ ನುಡಿಸೋರು, ಬ್ಯಾಂಕಿನಿಂದ ನಿವೃತ್ತರಾದವರು, ಅಂತರಸನಹಳ್ಳಿ ಕಡೆ ಲೇತ್ ನಡೆಸೋರು, ಇಬ್ಬರು ಗೃಹಿಣಿಯರು, ಎಂಜಿನಿಯರಿಂಗ್ ಓದೋ ಹುಡುಗರು ಇದ್ದಾರೆ. ಲೇತಿನವರು ಇಲ್ಲದಿದ್ದರೆ ನಮ್ಮ ಅರ್ಧ ವಾದ್ಯಗಳು ಗುಜರಿಗೆ ಹೋಗುತ್ತಿದ್ದವು.

ತುಮಕೂರಲ್ಲಿ ಅಕಾರ್ಡಿಯನ್ ಯಾಕ್ರೀ? ನಮ್ಮದಲ್ಲದ ವಾದ್ಯ!

ಹಾಗಾದರೆ ಹಾರ್ಮೋನಿಯಂ ಯಾರದು? ಅದು ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಪ್ಯಾರಿಸ್ಸಿನ ಡೆಬೇನ್ ಎಂಬಾತ ಮಾಡಿದ್ದು. ಕಾಲಲ್ಲಿ ತುಳಿಯೋ ದೊಡ್ಡ ಪೆಟ್ಟಿಗೆಯಾಗಿತ್ತು. ನೆಲದ ಮೇಲೆ ಕೂತು ನುಡಿಸೋ ಹಾಗೆ ಕೈತಿದಿ ಇಟ್ಟು 1875ರಲ್ಲಿ ಮಾಡಿಕೊಟ್ಟವರು ಕಲ್ಕತ್ತೆಯ ದ್ವಾರಕಾನಾಥ ಘೋಷ್. ನಮ್ಮ ನಾಟಕದವರು ಮಾತ್ರ ಕಾಲುಪೆಟ್ಟಿಗೆಯನ್ನು ಬಿಡಲಿಲ್ಲ, ಇವತ್ತಿಗೂ 'ಲೆಗ್ ಹಾರ್ಮೋನಿಯಂ' ಅಂದರೆ ಅವರ ಕಣ್ಣು ಅರಳುತ್ತೆ. ಕಾಲು ಗಾಳಿ ಹಾಕುತ್ತೆ, ಎರಡು ಕೈಯೂ ಮನೆಗಳ ಮೇಲೆ, ಅಂದರೆ ಬೆರಳು ಒತ್ತೋ ಕೀಲಿಗಳ ಮೇಲೆ.

ಇಲ್ಲಿಂದ ಇಪ್ಪತ್ತು ಕಿಲೋಮೀಟರಿನ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ (1891–1972) ಕೈಗೆ ಬಂದ ಮೇಲೆ ಅದು ಊರೂರು ತಿರುಗಿ, ರಂಗದ ಮೇಲೆ ಆನೆಯನ್ನೇ ನಡೆಸಿತು. ರಾಜ್‌ಕುಮಾರ್ ಅಲ್ಲಿ ಬಣ್ಣ ಹಚ್ಚಿದವರು. ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಆ ಕಂಪನಿ ಸೇರಿದ್ದರು. ಈ ಜಿಲ್ಲೆಯ ಕಿವಿ ರೀಡಿನ ದನಿಗೆ ನೂರು ವರ್ಷದ ಹಿಂದೆಯೇ ಪಳಗಿದೆ. ನಮ್ಮ ಬಳಗದ ಹಿರಿಯರೊಬ್ಬರು ಮೊದಲ ಸಲ ಅಕಾರ್ಡಿಯನ್ ಹೆಗಲಿಗೇರಿಸಿ ಎರಡು ಸಲ ಎಳೆದು ಒತ್ತಿ, "ಅಯ್ಯೋ, ಇದು ನಮ್ಮ ಪೆಟ್ಟಿಗೇನೇ ಕಣ್ರೀ, ಎದ್ದು ನಿಂತಿದೆ ಅಷ್ಟೇ" ಅಂದಿದ್ದರು.

ಅಕಾರ್ಡಿಯನ್ ಅನ್ನೋ ಹೆಸರು ಬಂದಿದ್ದು ವಿಯೆನ್ನಾದಿಂದ. ಸಿರಿಲ್ ಡೆಮಿಯನ್ ಅನ್ನೋ ವಾದ್ಯ ತಯಾರಕ 1829ರ ಮೇ 6ರಂದು ಪೇಟೆಂಟ್ ಅರ್ಜಿ ಹಾಕಿದ. ಒಂದು ಗುಂಡಿ ಒತ್ತಿದರೆ ಒಟ್ಟಿಗೆ ಹಲವು ಸ್ವರ, ಅಂದರೆ ಕಾರ್ಡ್ ಬರುತ್ತಿತ್ತು. ಹೆಸರು ಅದರಿಂದ. ಮೇ 6 ಈಗ ವಿಶ್ವ ಅಕಾರ್ಡಿಯನ್ ದಿನ. ನಾವೂ ಆವತ್ತು ಸೇರುತ್ತೇವೆ, ಬಿಸಿಲಿಗೆ ಹೆದರಿ ಸಂಜೆ ಆರರ ಮೇಲೆ.

ನನಗೆ ಐವತ್ತೆಂಟು ವರ್ಷ, ಸರಿಗಮ ಕೂಡ ಗೊತ್ತಿಲ್ಲ. ಈಗ ಬಂದರೆ ನಗ್ತೀರಾ?

ನಗಲ್ಲ. ಆದರೆ ಬೆನ್ನುನೋವು ಇದೆಯಾ ಅಂತ ಮೊದಲು ಕೇಳುತ್ತೇವೆ. 120 ಬಾಸಿನ, ಅಂದರೆ ಎಡಗೈಗೆ 120 ಗುಂಡಿ ಇರೋ, ದೊಡ್ಡ ವಾದ್ಯ ಹತ್ತರಿಂದ ಹನ್ನೆರಡು ಕೆಜಿ. ಹತ್ತು ಕೆಜಿಯ ಅಕ್ಕಿ ಚೀಲ ಎದೆಗೆ ಕಟ್ಟಿಕೊಂಡು ಒಂದು ಗಂಟೆ ಕೂತರೆ ಹೇಗೋ ಹಾಗೆ. ಬೆನ್ನು ಒಪ್ಪದವರಿಗೆ 48 ಬಾಸಿನದು ಕೊಡುತ್ತೇವೆ, ಆರೇಳು ಕೆಜಿ. ಕೂತು ನುಡಿಸಿ, ವಾದ್ಯದ ಭಾರ ಎಡತೊಡೆಯ ಮೇಲಿರಲಿ, ಹೆಗಲಿನ ಎಡಬೆಲ್ಟು ಬಲಬೆಲ್ಟಿಗಿಂತ ತುಸು ಬಿಗಿಯಾಗಿರಲಿ. ಎರಡೂ ಒಂದೇ ಅಳತೆ ಇಟ್ಟುಕೊಂಡವರ ವಾದ್ಯ ಎಳೆದಾಗಲೆಲ್ಲ ಎಡಕ್ಕೆ ಜಾರಿ, ಅವರು ಇಡೀ ಹಾಡು ಅದನ್ನು ಸರಿಮಾಡಿಕೊಳ್ಳೋದರಲ್ಲೇ ಕಳೆಯುತ್ತಾರೆ.

ಸರಿಗಮ ಮೂರು ವಾರದಲ್ಲಿ ಬರುತ್ತೆ. ಗಾಳಿ ಬರೋಕೆ ಮೂರು ತಿಂಗಳು.

ಮಗಳಿಗೆ ಎಂಟು ವರ್ಷ. ಎತ್ತೋಕಾಗುತ್ತಾ?

12 ಬಾಸಿನ ಚಿಕ್ಕದು ಇದೆ, ನಾಲ್ಕು ಕೆಜಿ ಆಸುಪಾಸು. ಬಳಗದಲ್ಲಿ ಎರಡಿವೆ, ಮನೆಗೆ ಒಯ್ಯಬಹುದು. ಶಾಲೆಯ ಬ್ಯಾಗು ಇದಕ್ಕಿಂತ ಭಾರ ಅಂತ ಒಬ್ಬ ತಾಯಿ ಹೇಳಿದರು, ನಾವು ಮಾತಾಡಲಿಲ್ಲ.

ಫೀಸು?

ತಿಂಗಳಿಗೆ ಇನ್ನೂರು ರೂಪಾಯಿ, ವಿದ್ಯಾರ್ಥಿಗಳಿಗೆ ಇಲ್ಲ. ಹಾಲಿನ ಬಾಡಿಗೆ, ಕಾಫಿ, ಜೇನುಮೇಣ, ತೊಗಲು ಎಲ್ಲ ಅದರಲ್ಲೇ. ಬೈಠಕ್ಕಿನ ದಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸಿದರೆ ಅದು ಆ ಮನೆಯವರ ಲೆಕ್ಕ.

ಎಷ್ಟು ದಿನಕ್ಕೆ ಒಂದು ಹಾಡು ನುಡಿಸ್ತೀನಿ?

ಬಲಗೈ ಒಂದರಲ್ಲೇ ಆದರೆ ಒಂದು ತಿಂಗಳು. ಎರಡೂ ಕೈ ಸೇರಿ ಜನ ಕೇಳೋ ಹಾಗೆ ಅಂದರೆ ಒಂದು ವರ್ಷ, ದಿನಾ ಅರ್ಧ ಗಂಟೆ ಕೂತರೆ. ಹಾರ್ಮೋನಿಯಂ ಗೊತ್ತಿರೋರು ಬೇಗ ಕಲಿಯುತ್ತಾರೆ ಅಂತ ಎಲ್ಲರೂ ತಿಳಿದಿದ್ದಾರೆ. ಬೆರಳು ಬೇಗ ಬರುತ್ತೆ ನಿಜ. ಆದರೆ ಅವರ ಎಡಗೈಗೆ ಗಾಳಿ ಹಾಕೋದು ಒಂದೇ ಅಭ್ಯಾಸ, ಅದೇ ಕೈ ಗುಂಡಿಯನ್ನೂ ಒತ್ತಬೇಕು ಅಂದಾಗ ಒಂದು ತಿಂಗಳು ಮುನಿಸಿಕೊಳ್ಳುತ್ತೆ.

## ವಾದ್ಯ ಕೊಳ್ಳೋಕೆ ಹೊರಟವರು ಕೇಳೋದು

48, 72, 96, 120 ಅಂತಾರಲ್ಲ, ಏನದು? ಯಾವುದು ತಗೊಳ್ಳಲಿ?

ಎಡಗೈ ಕಡೆಯ ಗುಂಡಿಗಳ ಲೆಕ್ಕ ಅದು. 120 ಅಂದರೆ ಇಪ್ಪತ್ತರಂತೆ ಆರು ಸಾಲು, ಬಲಗೈಗೆ ಸಾಮಾನ್ಯವಾಗಿ 41 ಮನೆ. ಅದರಲ್ಲಿ ಒಂದೊಂದು ಮನೆಗೆ ನಾಲ್ಕು ದನಿ ಇದ್ದರೆ, ಎಳೆತಕ್ಕೆ ಮತ್ತು ಒತ್ತಿಗೆ ಬೇರೆಬೇರೆ ರೀಡಾದ್ದರಿಂದ, ಬಲಗಡೆಯೇ 328 ರೀಡ್ ಆಯಿತು. ಭಾರ ಎಲ್ಲಿಂದ ಬಂತು ಅಂತ ಈಗ ತಿಳಿಯಿತಲ್ಲ.

ನಮ್ಮ ಹಾಡುಗಳಿಗೆ 48 ಸಾಕು. 120 ಬೇಕೇ ಬೇಕು ಅನ್ನೋರು ಹೆಚ್ಚಾಗಿ ಫೋಟೋ ನೋಡಿ ಬಂದವರು. ಇಟಲಿಯ ಕಾಸ್ತೆಲ್‌ಫಿದಾರ್ದೊ ಈ ವಾದ್ಯದ ತವರು, ಅಲ್ಲಿನ ಹೊಸ ದೊಡ್ಡ ವಾದ್ಯಕ್ಕೆ ಲಕ್ಷಗಟ್ಟಲೆ ಆಗುತ್ತೆ. ಜರ್ಮನಿಯ ಹೋನರ್ ಹೆಸರಿನ ಹಳೇ ವಾದ್ಯಗಳು ಬೆಂಗಳೂರಿನಲ್ಲಿ ಆಗಾಗ ಮಾರಾಟಕ್ಕೆ ಬರುತ್ತವೆ. ಚೀನಾದಲ್ಲಿ ಮಾಡಿದ ಹೊಸದು ಅಗ್ಗ, ಕಲಿಯೋಕೆ ಅಡ್ಡಿಯಿಲ್ಲ. ಒಂದು ಮಾತು: ಆರು ತಿಂಗಳು ಬಳಗದ ವಾದ್ಯದಲ್ಲಿ ಕಲಿಯದೆ ದುಡ್ಡು ಹಾಕಬೇಡಿ. ನಮ್ಮಲ್ಲಿ ಮಂಚದ ಕೆಳಗೆ ಮಲಗಿರೋ ವಾದ್ಯ ನನಗೆ ಗೊತ್ತಿರೋದೇ ಮೂರು.

ನಮ್ಮ ತಾತನ ಕಾಲದ್ದು ಅಟ್ಟದ ಮೇಲೆ ಸಿಕ್ಕಿದೆ. ಚೆನ್ನಾಗಿದೆಯೋ ಇಲ್ಲವೋ ಹೇಗೆ ನೋಡೋದು?

ಮೊದಲು ಮೂಸಿ. ಬೂಷ್ಟಿನ ವಾಸನೆ ಇದ್ದರೆ ಒಳಗೆ ತೊಗಲು, ಮೇಣ, ರೀಡ್ ಎಲ್ಲದಕ್ಕೂ ತೇವ ಹೊಕ್ಕಿದೆ ಅಂತ ಅರ್ಥ. ಆಮೇಲೆ ತಿದಿಯ ಬೆಲ್ಟು ಬಿಚ್ಚಿ, ಬಲಭಾಗ ಹಿಡಿದು, ಯಾವ ಮನೆಯನ್ನೂ ಒತ್ತದೆ ಎಡಭಾಗವನ್ನು ಕೆಳಕ್ಕೆ ಬಿಡಿ. ನಿಧಾನ ಇಳಿದರೆ ಸರಿ. ದೊಪ್ಪನೆ ಬಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ. ತಿದಿಯ ಮೂಲೆಗಳನ್ನು ದೀಪಕ್ಕೆ ಹಿಡಿದು ನೋಡಿ, ತೂತು ಅಲ್ಲೇ ಆಗೋದು.

ನಂತರ ಒಂದೊಂದೇ ಮನೆ, ಎರಡು ಸಲ: ಎಳೆಯುತ್ತ ಒಂದು ಸಲ, ಒತ್ತುತ್ತ ಒಂದು ಸಲ. ಎಳೆಯುವಾಗ ಬಂದ ಸ್ವರ ಒತ್ತುವಾಗ ಬರದಿದ್ದರೆ ಹೆದರಬೇಡಿ, ಒಂದು ರೀಡಿಗೆ ಕಸ ಸಿಕ್ಕಿರಬಹುದು. ಹಾಗೆ ತಂದ ಒಂದು ವಾದ್ಯ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಒಂದು ಭತ್ತದ ಕಾಳು. ಇಲಿ ತಂದಿಟ್ಟಿರಬೇಕು. ತೆಗೆದೆವು, ಸ್ವರ ಬಂತು.

ದಯವಿಟ್ಟು ಯಾವ ಮನೆಯನ್ನೂ ಒತ್ತದೆ ತಿದಿಯನ್ನು ಬಲವಂತವಾಗಿ ಎಳೆಯಬೇಡಿ. ಎಡಗೈ ಹೆಬ್ಬೆರಳ ಹತ್ತಿರ ಗಾಳಿಗುಂಡಿ ಒಂದಿದೆ, ಅದನ್ನೊತ್ತಿ ತೆರೆಯಿರಿ, ಅದನ್ನೊತ್ತಿಯೇ ಮುಚ್ಚಿ.

ಕಾರಲ್ಲಿ ಇಟ್ಟು ಹೋದ್ರೆ ಏನಾಗುತ್ತೆ?

ಶಿರಾದಲ್ಲಿ ಏಪ್ರಿಲ್ ತಿಂಗಳ ಒಂದು ಮದುವೆ. ರಿಸೆಪ್ಷನ್ನಿಗೆ ನುಡಿಸೋಕೆ ಹೋಗಿದ್ದೆವು. ನಾನು 96 ಬಾಸಿನ ವಾದ್ಯವನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು ಊಟಕ್ಕೆ ಕೂತೆ. ಹೋಳಿಗೆ ಎರಡನೇ ಸಲ ಬಂತು, ಮಾತು ಬೆಳೆಯಿತು, ಎದ್ದಾಗ ಎರಡೂವರೆ ಗಂಟೆ ಆಗಿತ್ತು. ಸಂಜೆ ವೇದಿಕೆಯ ಮೇಲೆ ಮೊದಲ ಎಳೆತಕ್ಕೆ ಒಳಗೆ ಏನೋ ಜಾರಿ 'ಟಕ್' ಅಂತು. ಆಮೇಲೆ ಮಧ್ಯಸ್ಥಾಯಿಯ ಗಾಂಧಾರದಿಂದ ಮೇಲೆ ದನಿಯೇ ಇಲ್ಲ, ಬರೀ ಉಸಿರು. ರೀಡ್‌ಗಳನ್ನು ಮರದ ಚೌಕಟ್ಟಿಗೆ ಕೂರಿಸೋದು ಜೇನುಮೇಣಕ್ಕೆ ರಾಳ ಬೆರೆಸಿದ ಅಂಟಿನಲ್ಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಆ ಮೇಣ ಮೆತ್ತಗಾಗಿ ರೀಡ್‌ಗಳು ಕೆಳಕ್ಕೆ ಜಾರಿದ್ದವು. ಆ ದಿನ ಹಾರ್ಮೋನಿಯಂನವರೇ ಕಛೇರಿ ದಾಟಿಸಿದರು. ಹೋಳಿಗೆ ಅಂದರೆ ಈಗಲೂ ಬಳಗದಲ್ಲಿ ನನ್ನ ಮುಖ ನೋಡುತ್ತಾರೆ.

ಇಡೋ ಕ್ರಮ ಹೀಗೆ: ಮನೆಯೊಳಗೆ, ನೆರಳಲ್ಲಿ, ಹೊರಗೋಡೆಗೆ ತಾಗದ ಹಾಗೆ. ಮಲಗಿಸಬೇಡಿ, ಕೆಳಗಿನ ನಾಲ್ಕು ಗುಬುಟುಗಳ ಮೇಲೆ ನಿಲ್ಲಿಸಿ. ಒಳಗಿನ ತೊಗಲಿನ ಪಟ್ಟಿಗಳು ಆಗ ಸೊಟ್ಟಗಾಗಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಇಲ್ಲಿನ ರೀಡ್ ಉಕ್ಕಿನದು, ತುಕ್ಕು ಹಿಡಿಯುತ್ತೆ. ಹಾರ್ಮೋನಿಯಂನ ಹಿತ್ತಾಳೆ ರೀಡಿಗೆ ಆ ಭಯ ಕಡಿಮೆ.

ಕೀಬೋರ್ಡಲ್ಲಿ ಅಕಾರ್ಡಿಯನ್ ದನಿ ಬರುತ್ತಲ್ಲ?

ಬರುತ್ತೆ. ತಗೊಳ್ಳಿ, ಹಗುರ, ಶ್ರುತಿ ಕೆಡಲ್ಲ. ನಮ್ಮ ಜತೆ ಒಂದು ಭಾನುವಾರ ಕೂತು ಆಮೇಲೆ ತೀರ್ಮಾನಿಸಿ.

## ಕಛೇರಿಯ ವಿಚಾರ

ಕಾರ್ಯಕ್ರಮ ಯಾವಾಗ ಇರುತ್ತೆ? ಟಿಕೆಟ್ ಎಷ್ಟು?

ಯುಗಾದಿಯ ನಂತರದ ಭಾನುವಾರ ಒಂದು, ಮೇ ತಿಂಗಳಲ್ಲಿ ಒಂದು, ನವೆಂಬರಿನಲ್ಲಿ ರಾಜ್ಯೋತ್ಸವದ ಸುತ್ತ ಒಂದು. ಟಿಕೆಟ್ ಇಲ್ಲ. ದೊಡ್ಡ ಸಭಾಂಗಣ ಬೇಕಾದಾಗ ಅಮಾನಿಕೆರೆ ಕಡೆ ನೋಡುತ್ತೇವೆ, ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರ ಇದೆಯಲ್ಲ, ಆದರೆ ಅದನ್ನು ತುಂಬಿಸೋಷ್ಟು ಜನ ಸೇರಿಸೋ ಧೈರ್ಯ ವರ್ಷಕ್ಕೊಮ್ಮೆ ಬರುತ್ತೆ. ಮಿಕ್ಕದ್ದೆಲ್ಲ ಶಾಲೆಯ ಹಾಲಿನಲ್ಲಿ. ನೂರು ಕುರ್ಚಿ, ನಾಲ್ಕು ಫ್ಯಾನು. ಫ್ಯಾನು ಜೋರಾಗಿ ತಿರುಗಿದರೆ ಮೆಲುದನಿ ಕೇಳಲ್ಲ ಅಂತ ಆಫ್ ಮಾಡಿಸುತ್ತೇವೆ, ಬೀಸಣಿಗೆ ತನ್ನಿ.

ಕಛೇರಿ ಎರಡು ಗಂಟೆ. ಮೊದಲರ್ಧ ರಂಗಗೀತೆ, ವಚನ, ದಾಸರ ಪದ. ಎರಡನೆಯರ್ಧ ಭಾವಗೀತೆ, ಹಳೇ ಸಿನಿಮಾ ಹಾಡು, ಒಂದೆರಡು ಯುರೋಪಿನ ವಾಲ್ಟ್ಸ್. ಹಿಂದಿ ಚಿತ್ರಸಂಗೀತದಲ್ಲಿ ಈ ವಾದ್ಯಕ್ಕೆ ಹೆಸರು ತಂದ ಗೂಡಿ ಸೀರ್ವಾಯ್, ಕೇರ್ಸಿ ಲಾರ್ಡ್, ಎನಾಕ್ ಡೇನಿಯಲ್ಸ್ ಇವರ ನುಡಿಸಾಣಿಕೆ ಕೇಳಿಯೇ ನಮ್ಮಲ್ಲಿ ಅರ್ಧ ಜನ ಈ ಕಡೆ ಬಂದಿದ್ದು.

ನಮ್ಮೂರ ನಾಟಕಕ್ಕೆ ಬರ್ತೀರಾ?

ಬರುತ್ತೇವೆ, ಆದರೆ ನಿಮ್ಮ ಹಾರ್ಮೋನಿಯಂ ಮೇಷ್ಟ್ರು ಒಪ್ಪಿದರೆ. ನಾಟಕ ಅವರದು. ಮೂರು ತಿಂಗಳು ಕೂತು ಪದ, ಕಂದ, ಮಾತು ಕಲಿಸಿದವರು ಅವರು. ಭೀಮನ ಪಾತ್ರಧಾರಿ ಯಾವ ಶ್ರುತಿಗೆ ಎತ್ತುತ್ತಾನೆ, ಕೃಷ್ಣ ಎಲ್ಲಿ ಸಾಲು ಮರೆಯುತ್ತಾನೆ ಅನ್ನೋದು ಅವರ ಕಾಲಿಗೂ ಗೊತ್ತು. ಅಕಾರ್ಡಿಯನ್ ಅವರ ಹಿಂದೆ ಕೂತು ನಡುನಡುವೆ ತುಂಬಬೇಕೇ ಹೊರತು ಮುಂದೆ ಓಡಬಾರದು.

ಗುಬ್ಬಿ ತಾಲ್ಲೂಕಿನ ಒಂದು ಊರಲ್ಲಿ ಕುರುಕ್ಷೇತ್ರದ ಕಥೆ ಆಡುತ್ತಿದ್ದಾಗ, ದುರ್ಯೋಧನನ ಪ್ರವೇಶಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಮೈಕು, ಕೀಬೋರ್ಡು, ರಿದಂ ಪ್ಯಾಡು ಎಲ್ಲ ಸತ್ತವು. ಮೇಷ್ಟ್ರು ಕಾಲು ನಿಲ್ಲಿಸಲಿಲ್ಲ. ನಾನು ಎದ್ದು ನಿಂತು ಸಭೆಯ ಕಡೆ ತಿರುಗಿ ತಿದಿಯನ್ನು ಪೂರ್ತಿ ಎಳೆದೆ. ಯಾರೋ ಟ್ರ್ಯಾಕ್ಟರ್ ತಿರುಗಿಸಿ ಹೆಡ್‌ಲೈಟು ಹಾಕಿದರು. ಕಿರೀಟದ ಮಣಿಯೆಲ್ಲ ಹೊಳೆದು ದುರ್ಯೋಧನ ಆ ಬೆಳಕಿನಲ್ಲಿ ಹಾಡಿದ ಪದಕ್ಕೆ ಒನ್ಸ್‌ಮೋರ್ ಮೂರು ಸಲ. ಜನರೇಟರ್ ಬಂದ ಮೇಲೆ ಆ ಮಜಾ ಇರಲಿಲ್ಲ.

ಮೈಕು ಎಲ್ಲಿಡಬೇಕು? ನಮ್ಮ ಸೌಂಡ್ ಹುಡುಗ ಒಂದೇ ಇಡ್ತಾನೆ.

ಒಂದೇ ಇದ್ದರೆ ಬಲಗೈ ಕಡೆ, ಜಾಲರಿಯಿಂದ ಒಂದಡಿ ದೂರ. ಎರಡಿದ್ದರೆ ಇನ್ನೊಂದು ಎಡಕ್ಕೆ, ಆದರೆ ಎಡಭಾಗ ತಿದಿಯ ಜತೆ ಆಚೀಚೆ ಹೋಗುತ್ತಲೇ ಇರುತ್ತೆ, ಅದಕ್ಕೆ ಒಂದೂವರೆ ಅಡಿ ಜಾಗ ಬಿಡಲಿ. ತೀರ ಹತ್ತಿರ ಇಟ್ಟರೆ ಗುಂಡಿಗಳ ಟಕಟಕ ಹಾಡಿಗಿಂತ ಜೋರು.

ಸಿನಿಮಾ ಹಾಡು ನುಡಿಸೋಕೆ ಯಾರಿಗಾದ್ರೂ ದುಡ್ಡು ಕಟ್ಟಬೇಕಾ?

ಟಿಕೆಟ್ ಇಡದಿರೋಕೆ ಇದೂ ಒಂದು ಕಾರಣ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿಗಳ ದೊಡ್ಡ ಪಟ್ಟಿ ಇದೆ. ಹವ್ಯಾಸಿ ಸಂಘವೊಂದು ದುಡ್ಡು ಕೊಡದ ಪ್ರೇಕ್ಷಕರ ಮುಂದೆ, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಹಾಡು ನುಡಿಸಿದರೆ ಅದು ಉಲ್ಲಂಘನೆಯಲ್ಲ ಅಂತ ಅದರಲ್ಲಿದೆ. ಧಾರ್ಮಿಕ ವಿಧಿಗೂ ವಿನಾಯಿತಿ ಇದೆ, ಮದುವೆ ಮೆರವಣಿಗೆ, ಮದುವೆಯ ಜತೆಯ ಸಂಭ್ರಮಗಳು ಅದರಲ್ಲಿ ಸೇರುತ್ತವೆ ಅಂತ ವಿವರಣೆಯೂ ಇದೆ. ಟಿಕೆಟ್ ಇಟ್ಟು ಮಾಡೋರು, ಹೋಟೆಲಿನಲ್ಲಿ ನುಡಿಸೋರು ಲೈಸೆನ್ಸಿನ ವಿಚಾರ ಮೊದಲೇ ನೋಡಿಕೊಳ್ಳಲಿ.

ರಾತ್ರಿ ಎಷ್ಟು ಹೊತ್ತಿನವರೆಗೆ ನುಡಿಸ್ತೀರಾ?

ಬಯಲಿನಲ್ಲಿ ಮೈಕು ಇದ್ದರೆ ಹತ್ತಕ್ಕೆ ಮುಗಿಸುತ್ತೇವೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಕ್ಕೆ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರ ತನಕ ಬಿಡಬಹುದು. ಊರ ನಾಟಕ ಕೋಳಿ ಕೂಗಿದ ಮೇಲೆ ಮಂಗಳ ಹಾಡೋದು ಎಲ್ಲರಿಗೂ ಗೊತ್ತು. ಅನುಮತಿ ಪತ್ರ ನಿಮ್ಮ ಕಮಿಟಿಯ ಕೈಲಿರಲಿ.

## ಬಳಗದವರೇ ಕೇಳೋದು

ಎಡಗೈ ಗುಂಡಿ ನೋಡದೆ ಹೇಗೆ ಹುಡುಕೋದು? ಎಲ್ಲ ಒಂದೇ ತರ ಇವೆ!

ಒಂದೇ ತರ ಇಲ್ಲ. ಬಿಳಿ ಒಂದರ ಬಾಸ್ ಗುಂಡಿಯ ತಲೆಯಲ್ಲಿ ಸಣ್ಣ ಗುಳಿ ಇದೆ, ಇಲ್ಲವೇ ಒಂದು ಹರಳು. (ಬಿಳಿ ಒಂದು ಅಂದರೆ ಪಾಶ್ಚಾತ್ಯರ C, ಅಲ್ಲಿಂದ ಬಿಳಿ ಮನೆ, ಕಪ್ಪು ಮನೆಗಳನ್ನು ಬೇರೆಬೇರೆ ಎಣಿಸೋದು.) ಮಧ್ಯದ ಬೆರಳು ಅಲ್ಲಿ ಕೂತರೆ ಅದೇ ಮನೆ ಬಾಗಿಲು.

ಇನ್ನು ಜೋಡಣೆ. ಪಾಶ್ಚಾತ್ಯ ಪುಸ್ತಕ ನೋಡಿ ತಲೆ ಕೆಡಿಸಿಕೊಳ್ಳೋ ಬದಲು ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಬಾಸ್ ಸಾಲಿನಲ್ಲಿ ಯಾವ ಗುಂಡಿಯನ್ನಾದರೂ ಷಡ್ಜ ಅಂದುಕೊಳ್ಳಿ. ಅದರ ಮೇಲಿನದು ಪಂಚಮ, ಕೆಳಗಿನದು ಶುದ್ಧ ಮಧ್ಯಮ. ಬಿಳಿ ಒಂದರ ಮೇಲೆ ಬಿಳಿ ಐದು, ಅದರ ಮೇಲೆ ಬಿಳಿ ಎರಡು, ಆಮೇಲೆ ಬಿಳಿ ಆರು, ಬಿಳಿ ಮೂರು, ಬಿಳಿ ಏಳು, ಕಪ್ಪು ಮೂರು, ಹೀಗೆ ಪಂಚಮದ ಪಂಚಮ ಹತ್ತುತ್ತ ಹೋಗುತ್ತೆ. ತಿದಿಗೆ ಅಂಟಿದ ಮೊದಲ ಸಾಲು ಕೌಂಟರ್ ಬಾಸ್, ಅದು ಪಕ್ಕದ ಷಡ್ಜದ ಅಂತರ ಗಾಂಧಾರ. ಎರಡನೆಯದು ಬಾಸ್. ಆಚೆಗೆ ಕ್ರಮವಾಗಿ ಮೇಜರ್, ಮೈನರ್, ಸೆವೆಂತ್, ಡಿಮಿನಿಷ್ಡ್ ಕಾರ್ಡುಗಳು.

ಇದರ ಲಾಭ ಹಾಡೋರ ಜತೆ ಕೂತಾಗ ತಿಳಿಯುತ್ತೆ. "ಸಾರ್, ಇವತ್ತು ಗಂಟಲು ಸರಿಯಿಲ್ಲ, ಕಪ್ಪು ಎರಡಕ್ಕೆ ಬೇಡ, ಬಿಳಿ ಎರಡಕ್ಕೆ ಇಳಿಸಿ" ಅಂದರೆ ಬಲಗೈಗೆ ಬೆವರು. ಎಡಗೈ ಜಾಗ ಬದಲಿಸುತ್ತೆ ಅಷ್ಟೇ, ಬೆರಳಿನ ಆಕಾರ ಅದೇ.

ತಿದಿ ಯಾವಾಗ ತಿರುಗಿಸಬೇಕು? ನನ್ನದು ಯಾವಾಗ್ಲೂ ಪದದ ಮಧ್ಯೆ ಮುಗಿದುಹೋಗುತ್ತೆ.

ಬಳಗದಲ್ಲಿ ನಾನು ಅತಿ ಹೆಚ್ಚು ಬಾಯಿ ನೋಯಿಸಿಕೊಂಡಿರೋದು ಈ ಒಂದಕ್ಕೆ. ಹಾಡೋರು ಎಲ್ಲಿ ಉಸಿರು ತೆಗೆಯುತ್ತಾರೋ ಅಲ್ಲಿ ತಿರುಗಿಸಿ. ಅಂದರೆ ಸಾಹಿತ್ಯ ಗೊತ್ತಿರಬೇಕು. ವಚನ ನುಡಿಸುವಾಗ ಮೊದಲು ಗಟ್ಟಿಯಾಗಿ ಓದಿ, ಉಸಿರು ನಿಂತಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿ. ಒಂದು ಗೆರೆಯಿಂದ ಇನ್ನೊಂದಕ್ಕೆ ಒಂದು ಎಳೆತ, ಮುಂದಿನದಕ್ಕೆ ಒಂದು ಒತ್ತು.

ಗಾಳಿ ಬೇಗ ಮುಗಿಯೋದಕ್ಕೆ ಕಾರಣ ಮೂರು. ಎಲ್ಲ ದನಿ ತೆರೆಯೋ ಮಾಸ್ಟರ್ ರಿಜಿಸ್ಟರ್ (ಯಾವ ರೀಡ್ ನುಡಿಯಬೇಕು ಅಂತ ಆರಿಸೋ ಗುಂಡಿಗೆ ರಿಜಿಸ್ಟರ್ ಅನ್ನೋದು) ಹಾಕಿಕೊಂಡೇ ಕೂತಿರೋದು, ಎಡಗೈಯ ಷಡ್ಜವನ್ನು ತಂಬೂರಿಯ ಹಾಗೆ ಒತ್ತಿ ಹಿಡಿದಿರೋದು, ಭಾವ ಬಂದಾಗಲೆಲ್ಲ ಜೋರು ಮಾಡೋದು. ದಪ್ಪ ದನಿಯ ರೀಡ್ ಹೆಚ್ಚು ಗಾಳಿ ಕುಡಿಯುತ್ತೆ. ಷಡ್ಜಕ್ಕೆ ಶ್ರುತಿಪೆಟ್ಟಿಗೆ ಇದೆ, ಎಡಗೈ ಅದನ್ನು ಮುಟ್ಟಿ ಬಿಡಲಿ.

ನಾಟಕದ ಮೇಷ್ಟ್ರು ಹೊಸಬರಿಗೆ ಕೊಡೋ ಪಾಠ ಒಂದಿದೆ: ಒಂದೇ ಮನೆ ಒತ್ತಿ ಹಿಡಿದು ಇಪ್ಪತ್ತು ಎಣಿಸೋವರೆಗೆ ಎಳೆಯಿರಿ, ಇಪ್ಪತ್ತು ಎಣಿಸೋವರೆಗೆ ಒತ್ತಿ, ತಿರುಗಿದ್ದು ಪಕ್ಕದಲ್ಲಿ ಕೂತವರಿಗೆ ತಿಳಿಯಬಾರದು. ಹದಿನೈದು ದಿನ ಇದೇ. ಬೇಸರ ಬಂದು ಬಿಟ್ಟವರೂ ಇದ್ದಾರೆ.

ಗಮಕ ಬರುತ್ತಾ? ಬರದಿದ್ರೆ ಕರ್ನಾಟಕ ಸಂಗೀತ ಯಾಕೆ ನುಡಿಸ್ತೀರಾ?

ಗಮಕ ಅಂದರೆ ಸ್ವರವನ್ನು ಅಲುಗಿಸಿ, ಜಾರಿಸಿ ನುಡಿಸೋದು. ಅದು ವೀಣೆಯ ಹಾಗೆ, ಪಿಟೀಲಿನ ಹಾಗೆ ಬರಲ್ಲ. ಎರಡು ಮನೆಗಳ ನಡುವೆ ಗೋಡೆಯಿದೆ, ಜಾರೋಕೆ ದಾರಿಯಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತ್ತು. ಮುಖ್ಯ ದೂರು ಇದೇ, ಶ್ರುತಿಗಳ ಸೂಕ್ಷ್ಮ ಬರಲ್ಲ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಬರಲ್ಲ ಅಂತ. ದೂರು ಸುಳ್ಳಲ್ಲ. ಆದರೆ ಶಿಕ್ಷೆ ಜಾಸ್ತಿಯಾಯಿತು ಅನ್ನೋದು ನನ್ನ ಅಭಿಪ್ರಾಯ.

ಅದಕ್ಕೇ ನಾವು ತೋಡಿ, ಸಹಾನ, ಬೇಗಡೆಗಳ ತಂಟೆಗೆ ಹೋಗಲ್ಲ. ಆಸೆಪಟ್ಟು ಒಬ್ಬರು ಒಮ್ಮೆ ತೋಡಿ ಎತ್ತಿದರು, ಎರಡು ನಿಮಿಷಕ್ಕೆ ಅವರೇ ಕೈಮುಗಿದರು. ಮೋಹನ, ಹಂಸಧ್ವನಿ, ಕದನಕುತೂಹಲ, ಕೀರವಾಣಿ ಸಲೀಸು. ರಂಗಗೀತೆಗಳ ಭೀಮಪಲಾಸ್, ಮಾಂಡ್, ಕಾಪಿಗಳಿಗೆ ಈ ದನಿ ಒಳ್ಳೆ ಜೋಡಿ. ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ಮಾಡಿದ ನೊಟ್ಟುಸ್ವರಗಳಂತೂ ಈ ವಾದ್ಯಕ್ಕೇ ಬರೆದಂತಿವೆ, ಮಕ್ಕಳಿಗೆ ನಾವು ಮೊದಲು ಕೊಡೋದು ಅವನ್ನೇ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರು ಅನ್ನೋದನ್ನೂ ನೆನಪಿಡಿ.

ಒಂದು ಕಳ್ಳದಾರಿ ಇದೆ. ಒಂದೇ ರೀಡಿನ ರಿಜಿಸ್ಟರ್ ಹಾಕಿ, ಕೆಳಸ್ಥಾಯಿಯ ಮನೆಯನ್ನು ಅರ್ಧ ಮಾತ್ರ ಒತ್ತಿ, ತಿದಿಯ ಒತ್ತಡ ಹೆಚ್ಚಿಸಿದರೆ ಸ್ವರ ತುಸು ಕೆಳಕ್ಕೆ ಬಾಗುತ್ತೆ. ಮನೆಯನ್ನು ಪೂರ್ತಿ ಒತ್ತಿದ ಕೂಡಲೇ ಮೇಲೇಳುತ್ತೆ. ಕಾಲು ಸ್ವರದಷ್ಟು ಸಿಕ್ಕರೆ ಪುಣ್ಯ. ಕಛೇರಿಯಲ್ಲಿ ಒಂದು ಸಲ ಮಾಡಿದರೆ ಚಪ್ಪಾಳೆ, ನಾಲ್ಕು ಸಲ ಮಾಡಿದರೆ ಹಲ್ಲುನೋವು.

ನನ್ನ ಅಕಾರ್ಡಿಯನ್ನೂ ಮೇಷ್ಟ್ರ ಪೆಟ್ಟಿಗೆಯೂ ಜತೆಗೆ ನುಡಿಸಿದ್ರೆ ಅಲೆಅಲೆಯಾಗಿ ಕೇಳುತ್ತೆ. ಯಾರದು ತಪ್ಪು?

ಯಾರದೂ ಅಲ್ಲ. ಅನೇಕ ಅಕಾರ್ಡಿಯನ್‌ಗಳಲ್ಲಿ ಬಿಳಿ ಆರು 442ಕ್ಕೆ ಇರುತ್ತೆ, ಅಂದರೆ ರೀಡ್ ಸೆಕೆಂಡಿಗೆ 442 ಸಲ ಅದುರುತ್ತೆ. ಮೇಷ್ಟ್ರದು 440ಕ್ಕೆ ಇದೆ ಅಂದುಕೊಳ್ಳಿ. ಎರಡೂ ಸೇರಿದಾಗ ಸೆಕೆಂಡಿಗೆ ಎರಡು ಅಲೆ ಕೇಳುತ್ತೆ, ಒಂದು ಸ್ಥಾಯಿ ಮೇಲೆ ಹೋದರೆ ನಾಲ್ಕು. ಹಳೇ ಪೆಟ್ಟಿಗೆಯಾದರೆ ವ್ಯತ್ಯಾಸ ಇನ್ನೂ ಹೆಚ್ಚು.

ತಮಾಷೆ ಅಂದರೆ ಇದೇ ಅಲೆಯನ್ನು ಬೇಕೆಂದೇ ಇಡೋದೂ ಉಂಟು. ಮ್ಯೂಸೆಟ್ ರಿಜಿಸ್ಟರ್ ಒತ್ತಿ ನೋಡಿ. ಒಂದು ರೀಡ್ 440ಕ್ಕೆ, ಇನ್ನೊಂದು 443ಕ್ಕೆ ಇಟ್ಟರೆ ಸೆಕೆಂಡಿಗೆ ಮೂರು ಅಲೆ, ಆ ಮಿನುಗೇ ಅಕಾರ್ಡಿಯನ್ನಿನ ಗುರುತು. ಆದ್ದರಿಂದ ಹಾರ್ಮೋನಿಯಂ ಜತೆಗೆ ನುಡಿಸುವಾಗ ಮ್ಯೂಸೆಟ್ ಬೇಡ, ಒಂದೇ ರೀಡಿನ ಕ್ಲಾರಿನೆಟ್ ರಿಜಿಸ್ಟರ್ ಹಾಕಿ. ನಮ್ಮ ಬಳಗದಲ್ಲಿ ಹೊಸದಾಗಿ ಶ್ರುತಿಗೆ ಕೊಡೋ ವಾದ್ಯವನ್ನೆಲ್ಲ 440ಕ್ಕೆ ತರಿಸುತ್ತಿದ್ದೇವೆ. ಪೆಟ್ಟಿಗೆ ಮೊದಲಿಂದ ಇರೋದು, ಬಂದವರು ಹೊಂದಿಕೊಳ್ಳಲಿ ಅಂತ ಮೇಷ್ಟ್ರು ತೀರ್ಪು ಕೊಟ್ಟರು.

ರೀಡ್ ಶ್ರುತಿ ನಾನೇ ಮಾಡಬಹುದಾ? ವಿಡಿಯೋ ನೋಡಿದ್ದೀನಿ.

ವಿಧಾನ ಸುಲಭ, ಅದೇ ಅಪಾಯ. ನಾಲಿಗೆಯ ತುದಿ ಕೆರೆದರೆ ಅಲ್ಲಿ ಹಗುರಾಗಿ ಸ್ವರ ಏರುತ್ತೆ. ಬುಡ ಕೆರೆದರೆ ಅಲ್ಲಿ ಸಡಿಲಾಗಿ ಸ್ವರ ಇಳಿಯುತ್ತೆ. ಕೆರೆದ ಉಕ್ಕು ಮತ್ತೆ ಅಂಟಲ್ಲ. ಏರಿಸೋಕೆ ಹೋಗಿ ಜಾಸ್ತಿ ಆಯಿತು ಅಂತ ಬುಡ ಕೆರೆದು, ಇಳಿಯಿತು ಅಂತ ಮತ್ತೆ ತುದಿ ಕೆರೆದು, ಕೊನೆಗೆ ನಾಲಿಗೆ ಕಾಗದದಂತಾಗಿ ಮುರಿಯುತ್ತೆ. ಹಾಗೆ ಮುರಿದದ್ದನ್ನು ನಮ್ಮ ಲೇತಿನವರು ಒಂದು ಬೆಂಕಿಪೊಟ್ಟಣದಲ್ಲಿ ಕೂಡಿಟ್ಟಿದ್ದಾರೆ, ಒಂಬತ್ತು ಇವೆ. ಎರಡು ನನ್ನವು.

ಹೊರಗೆ ತೆಗೆದು ಊದಿದಾಗ ಇರೋ ಶ್ರುತಿ ಒಳಗೆ ಕೂರಿಸಿದ ಮೇಲೆ ಬದಲಾಗುತ್ತೆ ಅನ್ನೋದನ್ನು ಆ ವಿಡಿಯೋದವರು ಹೇಳಿರಲ್ಲ. ಕೂರಿಸಿ, ಕೇಳಿ, ತೆಗೆದು ಒಂದೆರಡು ಗೀರು ಹಾಕಿ, ಮತ್ತೆ ಕೂರಿಸಬೇಕು. ಒಂದು ರೀಡಿಗೆ ಐದಾರು ಸಲ. ಆಸೆ ಇದ್ದರೆ ಮೂರನೇ ಭಾನುವಾರ ಎರಡು ಗಂಟೆ ಮೊದಲೇ ಬನ್ನಿ, ಗುಜರಿಯಲ್ಲಿ ಸಿಕ್ಕ ಒಂದು ಹಳೇ ವಾದ್ಯವನ್ನು ಇದಕ್ಕೆಂದೇ ಇಟ್ಟಿದ್ದೇವೆ. ಕನ್ನಡಕ ಮರೆಯಬೇಡಿ, ನಿಮ್ಮ ವಾದ್ಯ ಮನೆಯಲ್ಲೇ ಇರಲಿ.